ಹಿಲ್ಡಾ ಟೀಚರ್ ಕೊಟ್ಟ ಕೊನೆಯ ಶಬ್ದ

ಹಿಲ್ಡಾ ಟೀಚರ್ ನನ್ನ ಆಟೋ ಹತ್ತಿದ ಕೂಡಲೇ ಒಂದು ಇಂಗ್ಲಿಷ್ ಶಬ್ದ ಹೇಳುತ್ತಿದ್ದರು. ಮಣಿಪಾಲ ಮುಟ್ಟುವುದರೊಳಗೆ ನಾನು ಅದನ್ನು ಒಂದು ವಾಕ್ಯದಲ್ಲಿ ಬಳಸಬೇಕು. ವಾಕ್ಯ ಪುಸ್ತಕದ್ದಾಗಿರಬಾರದು, ನನ್ನ ಬದುಕಿನದ್ದಾಗಿರಬೇಕು. ‘ಅರ್ಥ ಡಿಕ್ಷನರಿಯಲ್ಲಿ ಉಂಟು ಮಾರಾಯ. ನೀನು ಅದನ್ನು ಎಲ್ಲಿ ಹಾಕ್ತಿ, ಅದು ಹೇಳು’ ಎನ್ನುವರು. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತು, ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಎದುರಿನಿಂದ ಬಸ್ಸು ನುಗ್ಗಿ ಬಂದರೂ ಅವರಿಗೆ ವಾಕ್ಯದ್ದೇ ಚಿಂತೆ.

ಶಿರ್ವದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಅವರು ನಮ್ಮ ಅಲೆವೂರಿನಲ್ಲಿ ತಂಗಿ ಲೀನಾಬಾಯಿಯ ಜೊತೆ ಇದ್ದರು. ಟೀಚರ್ ತೀರಿಕೊಂಡು ಈಗ ಒಂದು ವರ್ಷ. ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಮಣಿಪಾಲದಲ್ಲಿ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವನು ನಾನು. ಪರ ಊರಿನ ವಿದ್ಯಾರ್ಥಿಗಳು ಆಟೋ ಹತ್ತಿದರೆ ‘ಯೆಸ್’, ‘ನೋ’ ಎರಡರಲ್ಲೇ ದಿನ ದೂಡುತ್ತಿದ್ದೆ. ಟೀಚರ್ ಕೈಗೆ ಸಿಕ್ಕ ಮೇಲೆ ಆ ಮಕ್ಕಳೊಂದಿಗೆ ಸೆಖೆಯಿಂದ ಹಿಡಿದು ಮೆಸ್ಸಿನ ಊಟದವರೆಗೆ ಮಾತಾಡತೊಡಗಿದೆ.

ಟೀಚರಿಗೆ ದಿನಕ್ಕೆ ಒಂದು ಸಣ್ಣ ಬಾಟಲಿ ನೀರು ಮಾತ್ರ. ಚಹಾ, ಗಂಜಿಯ ತಿಳಿ ಎಲ್ಲವೂ ಅದರಲ್ಲೇ ಸೇರಬೇಕು. ನಮ್ಮ ಕಡೆಯಾದರೋ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಕೊಂಡುಹೋಗುವುದು ಎಳನೀರಿನ ಬೊಂಡ. ಜ್ವರ ಬರಲಿ, ಹೆರಿಗೆಯಾಗಲಿ, ಎಳನೀರು ಕುಡಿಸದಿದ್ದರೆ ನಮಗೆ ಸಮಾಧಾನವಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಅವರ ಒಣಗಿದ ತುಟಿ ನೋಡಲಾಗದೆ, ಮನೆಯ ಮರದ ಎರಡು ಬೊಂಡ ಕೆತ್ತಿ ತಂದುಕೊಟ್ಟೆ.

‘ಬೇಡ ಸುಧಾಕರ’ ಎಂದರು.

‘ಇದು ನೀರಲ್ಲ ಟೀಚರ್, ಮದ್ದು. ಎಂತ ಆಗುದಿಲ್ಲ’ ಎಂದು ನಾನೇ ಒತ್ತಾಯ ಮಾಡಿದೆ. ಅವರು ಕಣ್ಣು ಮುಚ್ಚಿ ಎರಡನ್ನೂ ಕುಡಿದರು.

ಮರುದಿನ ಬೆಳಿಗ್ಗೆ ಲೀನಾಬಾಯಿಯ ಫೋನ್. ಟೀಚರಿಗೆ ಎದೆಬಡಿತ ತಪ್ಪಿ ಆಸ್ಪತ್ರೆಗೆ ಸೇರಿಸಿದ್ದರು. ಕಿಡ್ನಿ ಹೋದವರಿಗೆ ಎಳನೀರು ವಿಷವಿದ್ದ ಹಾಗೆ ಎಂದು ಡಾಕ್ಟರ್ ಹೇಳಿದರು. ಮೂರನೇ ದಿನ ವಾರ್ಡಿನಲ್ಲಿ ಟೀಚರ್ ಎದುರು ತಲೆ ತಗ್ಗಿಸಿ ನಿಂತೆ.

‘ಕುಡಿದದ್ದು ನಾನು. ನೀನೆಂತಕ್ಕೆ ಮುಖ ಹಾಗೆ ಮಾಡಿಕೊಂಡಿದ್ದಿ?’ ಎಂದು ಗದರಿದರು. ಆಮೇಲೆ ಅಲ್ಲಿಯೂ ಪಾಠ ಬಿಡಲಿಲ್ಲ. ‘ಇವತ್ತಿನ ಶಬ್ದ ಲಿಮಿಟ್. ಗೊತ್ತುಂಟಾ?’

‘ಗೊತ್ತುಂಟು ಟೀಚರ್. ಅದರಿಂದ ಆಚೆ ಹೋಗಬಾರದು ಅಂತ.’

‘ಅರ್ಧ ಹೇಳಿದಿ. ಅದರಿಂದ ಈಚೆ ಇರುವುದೆಲ್ಲ ನಮ್ಮದು ಅಂತಲೂ ಉಂಟು. ನನ್ನ ಬಾಟಲಿಯ ನೀರನ್ನು ನಾನು ಎಷ್ಟು ಖುಷಿಯಲ್ಲಿ ಕುಡಿತೇನೆ, ನಿನಗೆ ಗೊತ್ತಿಲ್ಲ.’

ನನಗೆ ವಾಕ್ಯ ಹೊಳೆಯಲಿಲ್ಲ, ಅಳು ಬಂತು. ‘ಆಗಲಿ, ಇನ್ನೊಮ್ಮೆ ಹೇಳು’ ಎಂದು ಬಿಟ್ಟುಬಿಟ್ಟರು. ಆ ಶಬ್ದವನ್ನು ಮತ್ತೆ ಅವರು ಕೇಳಲೂ ಇಲ್ಲ, ನಾನು ಎತ್ತಲೂ ಇಲ್ಲ.

ಮತ್ತೆ ಎರಡು ವರ್ಷ ನಮ್ಮ ಪ್ರಯಾಣ ನಡೆಯಿತು. ಕೊನೆಕೊನೆಗೆ ಆಟೋ ಹತ್ತಿಸಲು ಇಬ್ಬರು ಹಿಡಿಯಬೇಕಾಗುತ್ತಿತ್ತು. ಕೈಯ ನರಗಳು ಸೂಜಿಗೆ ಸಿಗದಾದವು. ಹೊಸ ಶಬ್ದ ಹೇಳಿ, ನನ್ನ ವಾಕ್ಯ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದರು. ಒಂದು ಶನಿವಾರ ನಾನು ಹಾರ್ನ್ ಹೊಡೆದಾಗ ಟೀಚರ್ ಮನೆಯ ನೈಟಿಯಲ್ಲೇ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಒಳಗೆ ಲೀನಾಬಾಯಿ ಅಳುವುದು ಕೇಳುತ್ತಿತ್ತು.

‘ಇನ್ನು ಸಾಕು ಸುಧಾಕರ. ಡಾಕ್ಟರಲ್ಲಿಯೂ ಚರ್ಚಿನ ಫಾದರಲ್ಲಿಯೂ ಮಾತಾಡಿ ಆಗಿದೆ. ದಿಸ್ ಈಸ್ ಮೈ ಲಿಮಿಟ್’ ಎಂದರು.

ನನಗೆ ಸಿಟ್ಟೇ ಬಂತು. ಯೋಚಿಸದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: ‘ಟೀಚರ್, ಮೈ ಲಿಮಿಟ್ ಈಸ್ ನಾಟ್ ಟುಡೇ.’

ಅವರು ‘ವಾಕ್ಯ ಒಳ್ಳೆಯದುಂಟು’ ಎಂದು ನನ್ನ ಕೈ ಹಿಡಿದುಕೊಂಡರು. ಕುರ್ಚಿಯಿಂದ ಮಾತ್ರ ಏಳಲಿಲ್ಲ. ‘ನೀನು ಹೋಗಿ ಅಲ್ಲಿ ಹೇಳಿ ಬಾ. ನನ್ನ ಜಾಗಕ್ಕೆ ಕಾಯುವವರು ಎಷ್ಟೋ ಜನ ಉಂಟಲ್ವಾ?’

ಖಾಲಿ ಆಟೋ ಓಡಿಸಿಕೊಂಡು ಹೋದೆ. ಡಯಾಲಿಸಿಸ್ ಕೋಣೆಯಲ್ಲಿದ್ದ ಹೊಸ ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ಹಿಲ್ಡಾ ಟೀಚರ್ ಇನ್ನು ಬರುವುದಿಲ್ಲ, ಅವರ ಜಾಗವನ್ನು ಬೇರೆಯವರಿಗೆ ಕೊಡಬೇಕಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಮಾತು ಅವಳಿಗೆ ಅರ್ಥವಾಗದಿರಲಿ ಎಂದು ಆಸೆಯಾಯಿತು. ಒಂದೇ ಸಲಕ್ಕೆ ಅರ್ಥವಾಯಿತು.