ಐಲ್ಸಾಳಿಗೆ ಊಟ ಬಡಿಸಿದವಳು

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ ನೆಟ್ಟಾ ಫ್ಲೆಟ್ ಅಲ್ಲಿನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಉಜ್ಜುತ್ತಿದ್ದಳು. ಬಂದರಿನ ಮೇಲಿನ ದಿಬ್ಬದ ಆ ಪ್ರೈಮರಿ ಶಾಲೆಗೆ ಅಡುಗೆಯವಳಾಗಿ ಬರುವ ಮೊದಲು ಅವಳು ಕೆಳಗಿನ ಶೆಡ್ಡಿನಲ್ಲಿ ಮೀನು ಕೊಯ್ಯುತ್ತಿದ್ದವಳು. ಗಟ್ಟಿ ಜೀವ, ಜೋರು ಬಾಯಿ. ನೆಟ್ಟಾಳ ಚಾಕು ಹೆಚ್ಚು ಹರಿತವೋ ನಾಲಿಗೆಯೋ ಎಂದು ಊರವರು ಹಿಂದೆ ತಮಾಷೆ ಮಾಡುತ್ತಿದ್ದರು. ಈಗ ಯಾರೂ ಆ ತಮಾಷೆ ಮಾಡುತ್ತಿರಲಿಲ್ಲ.

ಹಿಂಬಾಗಿಲಲ್ಲಿ ನೆರಳಾಡಿತು. ನೋಡಿದರೆ ಸೊಸೆ ರೋನಾ.

"ನಾಳೆಯಿಂದ ಐಲ್ಸಾ ಒಂದನೇ ಕ್ಲಾಸಿಗೆ ಬರ್ತಾಳೆ" ಎಂದಳು ರೋನಾ, ಒಳಗೆ ಕಾಲಿಡದೆ. "ಊರಲ್ಲಿರೋದು ಇದೊಂದೇ ಶಾಲೆ, ನಾನೇನ್ ಮಾಡ್ಲಿ? ಊಟ ನೀವೇ ಬಡಿಸ್ತೀರ. ಬಡಿಸಿ. ಆದ್ರೆ ನೀವ್ಯಾರು ಅಂತ ಅವಳಿಗೆ ಹೇಳಬಾರ್ದು."

"ರೋನಾ, ಒಳಗಡೆ ಬಾರಮ್ಮ. ಒಂದು ಕಪ್ ಟೀ..."

"ಹೇಳಲ್ಲ ಅಂತ ಮಾತು ಕೊಡಿ, ನೆಟ್ಟಾ."

ನೆಟ್ಟಾ ಮಾತು ಕೊಟ್ಟಳು. ಬೇರೇನು ಮಾಡುವಳು? ಒಬ್ಬನೇ ಮಗ ಅಲೆಕ್, ಚಿಕ್ಕಪ್ಪನ ದೋಣಿಯಲ್ಲಿ ಹೋದವನು, ಬಿರುಗಾಳಿಗೆ ಸಿಕ್ಕು ಹಿಂದಿರುಗಲೇ ಇಲ್ಲ. ಹೂಳಲು ದೇಹವೂ ಸಿಗಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಹೊರಬರುವಾಗ, ಮೆಟ್ಟಿಲ ಮೇಲೆ, ಊರೆಲ್ಲ ನಿಂತಿರುವಾಗ, ತುಂಬು ಬಸುರಿ ರೋನಾಳಿಗೆ ನೆಟ್ಟಾ ಅಂದುಬಿಟ್ಟಿದ್ದಳು: "ಹೊರಡೋ ಹೊತ್ತಲ್ಲಿ ನೀನು ಜಗಳ ಆಡಿ ಕಳಿಸ್ದೆ. ಅವನ ಮನಸ್ಸು ದೋಣಿ ಮೇಲಿರ್ಲಿಲ್ಲ. ಈಗ ಅಳು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೋನಾ ಆ ವಾರವೇ ಊರು ಬಿಟ್ಟಳು. ಮಗು ಹುಟ್ಟಿದ ಸುದ್ದಿ ಬೇರೆಯವರ ಬಾಯಿಂದ ಬಂತು. ನೆಟ್ಟಾ ಹೆಣೆದು ಕಳಿಸಿದ ಉಣ್ಣೆಯ ಟೋಪಿ ಕಟ್ಟು ಬಿಚ್ಚದೆ ವಾಪಸಾಯಿತು. ಈಗ ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತೆಂದು ರೋನಾ ಮಗಳೊಂದಿಗೆ ಮರಳಿದ್ದಳು.

ಮಾರನೆಯ ಮಧ್ಯಾಹ್ನ ಒಂದನೇ ಕ್ಲಾಸಿನವರು ಏಳನೇ ಕ್ಲಾಸಿನ ಅಕ್ಕ ಅಣ್ಣಂದಿರ ಕೈ ಹಿಡಿದು ಊಟಕ್ಕೆ ಸಾಲಾಗಿ ಬಂದರು. ಐಲ್ಸಾಳನ್ನು ಯಾರೂ ತೋರಿಸಿಕೊಡಬೇಕಾಗಲಿಲ್ಲ. ಅಗಲ ಹಣೆ, ಒಂದು ಕಡೆಗೆ ವಾಲಿದ ನಗು, ಅಲೆಕ್ಕನೇ ಶಾಲೆಯ ಹಸಿರು ಸ್ವೆಟರ್ ಹಾಕಿಕೊಂಡು ಬಂದಂತಿತ್ತು. ನೆಟ್ಟಾ ಸೌಟನ್ನು ಬಟಾಣಿಯ ಪಾತ್ರೆಗೆ ಅದ್ದಿದಳು.

"ನಂಗೆ ಬಟಾಣಿ ಬೇಡ" ಎಂದಿತು ಮಗು.

"ಎರಡೇ ಎರಡು ಕಾಳು ಹಾಕ್ತೀನಿ ಪುಟ್ಟಿ. ನೋಡೋಕೆ ಚೆನ್ನಾಗಿರತ್ತೆ ಅಂತ."

"ನೋಡ್ತೀನಿ ಅಷ್ಟೇ. ತಿನ್ನಲ್ಲ."

ಪಕ್ಕದಲ್ಲಿ ಆಲೂಗಡ್ಡೆ ಬಡಿಸುತ್ತಿದ್ದ ವಿಲ್ಮಾ ಮುಖ ಆ ಕಡೆ ತಿರುಗಿಸಿಕೊಂಡಳು.

ಆ ಅವಧಿಯಲ್ಲಿ ಶಾಲೆಯಲ್ಲಿ ಹೊಸದರ ಮೇಲೆ ಹೊಸದು. ಹೊಸ ಹೆಡ್‌ಮಿಸ್, ಎಡಿನ್‌ಬರದಿಂದ ಬಂದ ಮಿಸ್ ಅಬರ್ನೆತಿ. ದಿನಾ ಬೆಳಗ್ಗೆ ಮಕ್ಕಳೆಲ್ಲ ಅಂಗಳ ಸುತ್ತಿ ಓಡಬೇಕು. ಮಳೆ ಬಂದರೂ ಸರಿ. ಹಿತ್ತಲಲ್ಲಿ ತರಕಾರಿ ಪಾತಿ. ಸಮುದ್ರದಂಡೆಯಲ್ಲಿ ಪ್ಲಾಸ್ಟಿಕ್ ಆಯುವ ದಿನ. ಸುಗ್ಗಿಯ ಪ್ರಾರ್ಥನೆಗೆ, ಬಡವರಿಗೆ ಹಂಚಲು, ಮನೆಮನೆಯಿಂದ ಡಬ್ಬಿ ಆಹಾರ. ನೆಟ್ಟಾಳಿಗೆ ಈ ಸುದ್ದಿಗಳೆಲ್ಲ ಐಲ್ಸಾಳ ಬಾಯಿಂದಲೇ ತಿಳಿಯುತ್ತಿದ್ದವು, ತಟ್ಟೆ ಮುಂದೆ ಚಾಚಿದ ಆ ಒಂದು ಗಳಿಗೆಯಲ್ಲಿ. "ನಾನ್ ಓಡ್ತಾ ಬಿದ್ದೆ, ಆದ್ರೆ ಅಳ್ಲಿಲ್ಲ." "ನಾವು ಕ್ಯಾರೆಟ್ ಹಾಕಿದ್ವಿ, ಅದಿನ್ನೂ ಬಂದೇ ಇಲ್ಲ." ಆ ಗಳಿಗೆಗಾಗಿ ನೆಟ್ಟಾ ಬೆಳಗಿನಿಂದ ಕಾಯುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಅಜ್ಜ ಅಜ್ಜಿಯರ ದಿನ. ಹಾಡು, ಆಮೇಲೆ ಚಹಾ. ನೆಟ್ಟಾ ಬೆಳಗ್ಗೆಯೇ ಬಂದು ಸ್ಕೋನ್ ಬನ್ನುಗಳನ್ನು ಬೇಯಿಸಿ, ಜಾಮ್ ಬಟ್ಟಲುಗಳನ್ನು ಮೇಜುಗಳ ಮೇಲೆ ಇಟ್ಟಳು. ಹಾಡು ಮುಗಿದು ಮಕ್ಕಳು ತಮ್ಮತಮ್ಮವರ ಮಡಿಲಿಗೆ ಓಡಿದರು. ಐಲ್ಸಾ ಒಂದು ಮೇಜಿನಲ್ಲಿ ಒಬ್ಬಳೇ ಕುಳಿತಳು. ರೋನಾಳ ತಂದೆತಾಯಿ ತೀರಿಕೊಂಡು ವರ್ಷಗಳಾಗಿದ್ದವು.

ಏನೂ ಅರಿಯದ ಹೆಡ್‌ಮಿಸ್ ಕೆಟಲ್ ಹಿಡಿದು ಹೋಗುತ್ತಿದ್ದ ನೆಟ್ಟಾಳನ್ನು ಕರೆದಳು. "ಮಿಸೆಸ್ ಫ್ಲೆಟ್, ಈ ಮಗೂಗೆ ಯಾರೂ ಬಂದಿಲ್ಲ. ಇವತ್ತೊಂದಿನ ನೀವೇ ಇವಳ ಅಜ್ಜಿ ಆಗಿಬಿಡಿ!"

ಊರಿನ ಮುದುಕ ಮುದುಕಿಯರೆಲ್ಲ ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತರು. ವಿಲ್ಮಾ ಬಂದು ಕೆಟಲ್ ತೆಗೆದುಕೊಂಡಳು. "ಹೋಗು, ಕೂತ್ಕೋ" ಎಂದು ಪಿಸುಗುಟ್ಟಿದಳು.

ನೆಟ್ಟಾ ಆ ಪುಟ್ಟ ಕುರ್ಚಿಯಲ್ಲಿ ಕುಳಿತಳು. ಐಲ್ಸಾ ಸ್ಕೋನಿಗೆ ಜಾಮ್ ಬಳಿದುಕೊಳ್ಳುತ್ತ ಕೇಳಿದಳು, "ನಿಮಗೆ ಮಕ್ಕಳಿದ್ದಾರಾ?"

"ಒಬ್ಬ ಮಗ ಇದ್ದ, ಪುಟ್ಟಿ."

"ಎಲ್ಲಿದ್ದಾನೆ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಸಮುದ್ರದಲ್ಲಿ" ಎಂದಳು.

"ನಮ್ಮಪ್ಪನೂ ಸಮುದ್ರದಲ್ಲೇ ಇರೋದು!" ಮಗುವಿನ ಮುಖ ಅರಳಿತು. "ಹಂಗಾದ್ರೆ ಅವರಿಬ್ರಿಗೂ ಪರಿಚಯ ಇರತ್ತೆ ಅಲ್ವಾ?"

"ಇರತ್ತೆ" ಎಂದಳು ನೆಟ್ಟಾ. "ಚೆನ್ನಾಗೇ ಪರಿಚಯ ಇರತ್ತೆ."

ಮಾರನೆಯ ಬೆಳಗ್ಗೆ ರೋನಾ ಮತ್ತೆ ಹಿಂಬಾಗಿಲಿಗೆ ಬಂದಳು. ರಾತ್ರಿಯೆಲ್ಲ ಅತ್ತ ಕಣ್ಣು. ವಿಲ್ಮಾ ತಾನಾಗಿ ಹೊರಗೆ ಹೋದಳು.

"ಬೈಯೋಕೆ ಅಂತಾನೇ ಬಂದೆ" ಎಂದಳು ರೋನಾ. "ಊಟದ ಅಜ್ಜಿ ಮಗ ಅಪ್ಪನ ಫ್ರೆಂಡಂತೆ, ಇನ್ಮೇಲೆ ಅಪ್ಪಂಗೆ ಬೇಜಾರಿಲ್ಲ ಅಂತ ಖುಷಿಯಾಗಿ ಮಲಗಿದ್ಳು."

"ನಾನು ಮಾತು ಮೀರಿಲ್ಲ ಕಣಮ್ಮ."

"ಗೊತ್ತು."

"ಅವತ್ತು ಮೆಟ್ಟಿಲ ಮೇಲೆ ನಾನಂದಿದ್ದು... ಸುಳ್ಳದು ರೋನಾ. ಆಡಿದ ಕ್ಷಣಾನೇ ಗೊತ್ತಿತ್ತು ನಂಗೆ. ಕ್ಷಮಿಸು."

ರೋನಾ ಬಾಗಿಲ ಚೌಕಟ್ಟಿಗೆ ಒರಗಿದಳು. "ಸುಳ್ಳು ಅಂತ ನೀವಂದ್ರೂ ನನಗೆ ನಂಬೋಕಾಗಲ್ಲ, ನೆಟ್ಟಾ. ಜಗಳ ಆಡಿದ್ದು ನಿಜ ತಾನೆ? ಈ ಐದು ವರ್ಷದಲ್ಲಿ ಒಂದು ರಾತ್ರಿನೂ ನಿಮ್ಮ ಮಾತು ನನ್ನ ಬಿಟ್ಟಿಲ್ಲ. ನಿಮ್ಮ ಮೇಲೆ ಈಗ ಸಿಟ್ಟಿಲ್ಲ. ಆದ್ರೆ ನಿಮ್ಮ ಮುಖ ನೋಡಿದ್ರೆ ಮತ್ತೆ ಅದೇ ಮೆಟ್ಟಿಲು, ಅದೇ ಮಾತು." ಅಂಗಳದ ಕಡೆ ತಿರುಗಿ ಹೇಳಿದಳು, "ಅಬರ್ಡೀನಲ್ಲಿ ಕೆಲಸ ಸಿಕ್ಕಿದೆ. ಅಕ್ಟೋಬರ್ ರಜೆಗೆ ಹೊರಡ್ತೀವಿ."

"ಅವಳಿಗೆ ಹೇಳ್ತೀಯಾ, ಯಾವತ್ತಾದ್ರೂ?"

"ನನ್ನಿಂದ ಆದಾಗ."

ಅಷ್ಟೇ. ಅವಳ ತೋಳು ಹಿಡಿಯಲು ನೆಟ್ಟಾ ಕೈ ಚಾಚಿದಳು; ಅಷ್ಟರಲ್ಲಿ ಅವಳು ಅಂಗಳ ದಾಟುತ್ತಿದ್ದಳು.

ರಜೆಗೆ ಮುಂಚಿನ ಕೊನೆಯ ದಿನ ಶುಕ್ರವಾರ, ಮೀನೂಟ. ಐಲ್ಸಾ ತಟ್ಟೆ ಚಾಚಿದಳು. "ನಾನು ಬೇರೆ ಶಾಲೆಗೆ ಹೋಗ್ತೀನಿ. ಅಲ್ಲೂ ಊಟ ಬಡಿಸೋರು ಇರ್ತಾರಾ?"

"ಇರ್ತಾರೆ. ಒಳ್ಳೆಯವರು ಇರ್ತಾರೆ."

"ಅವರು ನಂಗೆ ಬಟಾಣಿ ಬೇಡ ಅಂದ್ರೆ ಕೇಳ್ತಾರಾ?"

"ಕೇಳದೆ ಏನು. ಅಲೆಕ್..." ನೆಟ್ಟಾ ನಾಲಿಗೆ ಕಚ್ಚಿಕೊಂಡಳು. "ನನ್ನ ಮಗನೂ ತಿಂತಿರ್ಲಿಲ್ಲ. ಹೋಗು, ಆರೋಗತ್ತೆ."

ಹಿಂದಿನ ಮಗು ಮುಂದೆ ತಳ್ಳಿತು. ಐಲ್ಸಾ ತಟ್ಟೆ ಹಿಡಿದು ಹೋದಳು. ಹಿಂತಿರುಗಿ ನೋಡಲಿಲ್ಲ, ಮಕ್ಕಳು ನೋಡುವುದಿಲ್ಲ.

ಶಾಲೆ ಬಿಟ್ಟಾಗ ನೆಟ್ಟಾ ಕಿಟಕಿಯಲ್ಲಿ ನಿಂತಳು. ಗೇಟಿನಲ್ಲಿ ರೋನಾ ಮಗಳ ಕೋಟಿನ ಗುಂಡಿ ಹಾಕಿ ಕೈ ಹಿಡಿದುಕೊಂಡಳು. ಒಮ್ಮೆ ಅಡುಗೆಮನೆಯ ಕಡೆ ನೋಡಿದಳೇನೋ ಅನಿಸಿತು. ಆಮೇಲೆ ಇಬ್ಬರೂ ಇಳಿಜಾರಿನಲ್ಲಿ ಮರೆಯಾದರು.

"ಅತ್ತುಬಿಡೇ" ಎಂದಳು ವಿಲ್ಮಾ.

"ಮನೆಗೆ ಹೋಗಿ ಅಳ್ತೀನಿ. ಈಗ ಪಾತ್ರೆ ರಾಶಿ ಬಿದ್ದಿದೆ."

ಅವಳು ನಲ್ಲಿ ತಿರುಗಿಸಿದಳು. ಮೊದಲ ತಟ್ಟೆ ತೊಳೆಯುವಷ್ಟರಲ್ಲಿ ಅವಳ ಭುಜಗಳು ಕುಲುಕತೊಡಗಿದವು. ವಿಲ್ಮಾ ಬಟ್ಟೆ ತೆಗೆದುಕೊಂಡು, ಪಕ್ಕದಲ್ಲಿ ನಿಂತು, ಅವಳು ಕೊಟ್ಟ ತಟ್ಟೆಗಳನ್ನು ಒರೆಸುತ್ತ ಹೋದಳು.