ಕೆಳಸೇತುವೆಯ ನೀರು, ದಿಲ್ಲಿಯ ಉತ್ತರ

ಇವತ್ತು ಸೋಮವಾರದ ಉಪವಾಸ. ಎಮ್ಮೆ ಹಿಂಡಿ, ಶಿವನಿಗೆ ನೀರೆರೆದು ಬೀದರಿಗೆ ಹೋದೆ. ರೈಲ್ವೆ ದೂರು ಕೇಳಲು ಪಾರ್ಲಿಮೆಂಟಿನ ಸಮಿತಿ ಬಂದಿತ್ತು. ನಮ್ಮೂರಿನ ರೈಲ್ವೆ ಕೆಳಸೇತುವೆಯಲ್ಲಿ ಸೊಂಟಮಟ್ಟ ನೀರು ನಿಂತು, ಹದಿನೈದು ದಿನದಿಂದ ಹುಡುಗಿಯರಿಗೆ ಭಾಲ್ಕಿಯ ಶಾಲೆ ತಪ್ಪಿದೆ. ಅದೇ ನೀರು ದಾಟಿ, ಒದ್ದೆ ಸೀರೆಯಲ್ಲೇ ಅರ್ಜಿ ಹಿಡಿದು ಒಳಗೆ ಹೋದರೆ ಸಂಸದರೆಲ್ಲ ಊಟಕ್ಕೆ ಎದ್ದಿದ್ದರು.

“ಟೈಮ್ ಮುಗೀತ್ರಿ ಅಕ್ಕಾ. ಊಟ ಮಾಡಿ ಹೋಗ್ರಿ,” ಎಂದ ಗುಮಾಸ್ತ.

“ಉಪವಾಸ ಅದರಿ. ಊಟ ಬ್ಯಾಡ, ಎರಡು ಮಾತು ಕೇಳ್ಲಿ ಸಾಕು. ನಮ್ಮ ಹುಡುಗೀರು ಸಾಲಿಗಿ ಹ್ಯಾಂಗ ಹೋಗಬೇಕ್ರಿ?”

“ಅರ್ಜಿ ಕೊಡ್ರಿ. ಉತ್ತರ ಪೋಸ್ಟಿನಾಗ ಮನಿಗೇ ಬರ್ತದ.”

ಅರ್ಜಿ ಅವನ ಕೈಗಿಟ್ಟು ಹೊರಬಂದೆ. ಆ ನೀರು ದಾಟಲಾಗದೆ ಪೋಸ್ಟ್‌ಮ್ಯಾನ್ ಕೂಡ ನಮ್ಮೂರಿಗೆ ಬರುತ್ತಿಲ್ಲ!

ಭಾಲ್ಕಿಯಲ್ಲಿರುವ ಗೆಳೆಯರೇ, ದಿಲ್ಲಿಯ ಉತ್ತರ ನಿಮ್ಮೂರ ಅಂಚೆ ಕಚೇರಿಗೆ ಬಂದರೆ ಯಾರಾದರೂ ಇಸಿದುಕೊಂಡು ಬನ್ನಿ. ಆ ದಡದಲ್ಲೇ ನಿಂತು ಗಟ್ಟಿಯಾಗಿ ಓದಿದರೂ ಸಾಕು.