ಅತ್ತೆ ಬಣ್ಣ ಬಳಿಯುತ್ತಿದ್ದ ಶಿಲುಬೆ

ಭಾಲ್ಕಿಯ ನಮ್ಮ ಚರ್ಚಿನ ಅಂಗಳದಲ್ಲಿ, ಹಳೆಯ ಗೋರಿಗಳ ನಡುವೆ, ಆಳೆತ್ತರದ ಒಂದು ಕಲ್ಲಿನ ಶಿಲುಬೆ ಇದೆ. ಅದನ್ನು ಯಾರು, ಯಾವಾಗ ನಿಲ್ಲಿಸಿದರೋ ಯಾರಿಗೂ ಗೊತ್ತಿಲ್ಲ. ನಾನು ಮದುವೆಯಾಗಿ ಬೀದರಿನಿಂದ ಬಂದಾಗ ಅದು ಆಕಾಶನೀಲಿ ಬಣ್ಣದಲ್ಲಿತ್ತು. ಬಣ್ಣ ಬಳಿಯುವ ಸೇವೆ ನಮ್ಮ ಮನೆಯದು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ವಹಿಸಿಕೊಂಡಿದ್ದರು. ಬಡಾದಿನ, ಅಂದರೆ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಆಯಿಲ್ ಪೇಂಟ್ ಬಳಿಯುವರು. ಸ್ಟೂಲು ಹಿಡಿಯುವುದು ನನ್ನ ಕೆಲಸ. ನನ್ನ ನೆತ್ತಿಯ ಮೇಲೆ ಬಣ್ಣ ತೊಟ್ಟಿಕ್ಕಿದರೆ, “ಆಶೀರ್ವಾದ ಅಂತ ತಿಳ್ಕೋ” ಎನ್ನುವರು.

ಒಂದು ಮಳೆಗಾಲ ಮುಗಿದ ಮೇಲೆ ಶಿಲುಬೆಯ ತೋಳಿನಿಂದ ಬಣ್ಣ ಹಾಳೆಯಂತೆ ಸುಲಿದು ಬಂತು. ಜೊತೆಗೆ ಕಲ್ಲೂ ಕೆಂಪು ಪುಡಿಯಾಗಿ ಉದುರಿತು. ಚರ್ಚಿನ ಹಿರಿಯರು ಅದನ್ನು ತೆಗೆಸಿ ಗ್ರಾನೈಟಿನ ಹೊಸ ಶಿಲುಬೆ ನಿಲ್ಲಿಸುವ ಮಾತಾಡಿದರು. ಅತ್ತೆ ಅಂದು ಊಟ ಮಾಡಲಿಲ್ಲ.

ನನಗೆ ಬೀದರಿನ ಕಾಲೇಜು ಗೆಳತಿ ನೆನಪಾದಳು. ಹಳೆಯ ಕಟ್ಟಡಗಳ ದುರಸ್ತಿಯನ್ನೇ ಓದಿ, ಅದೇ ಕೆಲಸ ಹಿಡಿದಿದ್ದವಳು. ಫೋನ್ ಮಾಡಿದೆ. ಭಾನುವಾರ ಬಸ್ಸು ಹತ್ತಿ ಬಂದಳು. ಶಿಲುಬೆಯನ್ನು ಸುತ್ತಲೂ ಸವರಿ ನೋಡಿ ಅತ್ತೆಯ ಕಡೆ ತಿರುಗಿದಳು.

“ಕಲ್ಲು ಒಳಗ ಗಟ್ಟಿ ಅದರಿ ಅಮ್ಮೀ. ಆದ್ರ ಈ ಪೇಂಟೇ ಅದನ್ನ ತಿನ್ಲಕತ್ತದ. ಒಳಗಿನ ಹಸಿ ಹೊರಗ ಬರ್ಲಕ್ಕ ದಾರಿ ಇಲ್ಲ.”

ಅತ್ತೆಯ ಮುಖ ಸಣ್ಣದಾಯಿತು. “ಅಂದ್ರ ನಾನೇ ಹಾಳ ಮಾಡಿದೆನೇನ್ ಬೇಟಿ?”

ಗೆಳತಿ ಅವರ ಪಕ್ಕದಲ್ಲೇ ನೆಲಕ್ಕೆ ಕೂತಳು. “ನೀವು ಇಷ್ಟು ಪ್ರೀತಿ ಮಾಡ್ಲಿಲ್ಲಂದ್ರ ಇದು ಯಾವಾಗೋ ತಿಪ್ಪಿಗಿ ಹೋಗ್ತಿತ್ರಿ. ನಮ್ ದಾದಿಮಾನೂ ಹಿಂಗೇ. ಅಜ್ಜನ ಗೋರಿಗಿ ಹಸಿರು ಪೇಂಟ್ ಹಚ್ಚಸ್ತಾಳ. ನನ್ ಮಾತು ಕೇಳೋದೇ ಇಲ್ಲ!”

ಅತ್ತೆ ನಕ್ಕುಬಿಟ್ಟರು. ಆಮೇಲೆ ತಾವೇ ಹೋಗಿ ಹಿರಿಯರಿಂದ ಬಡಾದಿನದವರೆಗೆ ಗಡುವು ಕೇಳಿಕೊಂಡು ಬಂದರು.

ಬಣ್ಣ ಮೆತ್ತಗಾಗುವ ಮದ್ದನ್ನು ಬಟ್ಟೆಗೆ ಹಚ್ಚಿ ಕಲ್ಲಿಗೆ ಸುತ್ತಿಡಬೇಕು, ಆಮೇಲೆ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬೇಕು. ಕಬ್ಬಿಣ ಮುಟ್ಟಿಸುವಂತಿಲ್ಲ. ರಜೆ ಸಿಕ್ಕಾಗಲೆಲ್ಲ ಗೆಳತಿ ಬಂದಳು. ಅತ್ತೆ ರಬ್ಬರ್ ಗ್ಲೌಸು ತೊಟ್ಟು ಅವಳ ಜೊತೆ ಕೂತರು. ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಬೆಳ್ಳಿ ಬಣ್ಣ ಬಂತು. “ಇದು ನಿನ್ನ ಗಂಡ ಹುಟ್ಟಿದ ವರ್ಷದ್ದು ನೋಡು” ಎಂದು ನನಗೆ ತೋರಿಸಿದರು. ಎಲ್ಲದರ ಅಡಿಯಲ್ಲಿ ಗುಲಾಬಿ ಕಾಣಿಸಿಕೊಂಡಾಗ ಅವರ ಕೈ ನಿಂತಿತು.

“ನಮ್ ಲಗ್ನ ಆದ ವರ್ಷ ನಿಮ್ಮ ಮಾವ ಹಚ್ಚಿದ್ದು. ಅಂಗಡ್ಯಾಗ ಬ್ಯಾರೆ ಬಣ್ಣ ಇದ್ದಿಲ್ಲಂತ ಎಲ್ಲಾರಿಗೂ ಹೇಳಿದ್ರು. ಸುಳ್ಳು. ನಂಗ ಗುಲಾಬಿ ಸೇರ್ತದಂತ ಹಚ್ಚಿದ್ರು.”

“ಇದೊಂದು ಹಂಗೇ ಬಿಡೋಣೇನ್ರಿ ಅತ್ತಿ?” ಎಂದೆ. ಗೆಳತಿಯೂ ಕಡ್ಡಿ ಕೆಳಗಿಟ್ಟಳು.

ಅತ್ತೆ ಗುಲಾಬಿಯ ಮೇಲೆ ಒಮ್ಮೆ ಕೈಯಾಡಿಸಿದರು. “ಬ್ಯಾಡ. ಕಲ್ಲು ಉಳೀಲಿ” ಎಂದು ಕಡ್ಡಿ ಎತ್ತಿಕೊಂಡರು. ಆ ಬಣ್ಣವನ್ನು ಮಾತ್ರ ನಮ್ಮನ್ನು ಮುಟ್ಟಗೊಡದೆ ತಾವೊಬ್ಬರೇ ತೆಗೆದರು. ನಡುನಡುವೆ ಮೂಗೆಳೆದುಕೊಳ್ಳುತ್ತಿದ್ದರು, ಮದ್ದಿನ ಘಾಟು ಎಂದರು.

ಉಳಿದದ್ದು ಬೀದರ್ ಸೀಮೆಯ ಕೆಂಪು ಕಲ್ಲು. ತೋಳುಗಳ ತುದಿಯಲ್ಲಿ ಸಣ್ಣ ಹೂಗಳ ಕೆತ್ತನೆ. ಬುಡಕ್ಕೆ ಸಿಮೆಂಟು ಬೇಡವೆಂದು ಸುಣ್ಣದ ಗಾರೆ ಹಾಕಿಸಿದೆವು. ಹಿರಿಯರು ಬಂದು ನೋಡಿದರು, ಹೂಗಳನ್ನು ಮುಟ್ಟಿದರು. ಗ್ರಾನೈಟಿನ ಮಾತು ಮತ್ತೆ ಬರಲಿಲ್ಲ.

ಬಡಾದಿನದ ಬೆಳಗ್ಗೆ, ನಾದಿನಿಯನ್ನು ಕೊಟ್ಟಿರುವ ಔರಾದಿನ ಬೀಗರು ಬಂದಿದ್ದರು. ಬೀಗಿತ್ತಿ ಶಿಲುಬೆಯ ಮುಂದೆ ನಿಂತು, “ಇದ್ಯಾಕ್ರಿ ಹಬ್ಬದ ದಿನ ಹಿಂಗ ಬೋಳು ಬಿಟ್ಟೀರಿ? ಸುಣ್ಣನಾದ್ರೂ ಹಚ್ಚಬಾರ್ದೇನ್ರಿ?” ಎಂದರು.

ಅತ್ತೆ ಬೀಗಿತ್ತಿಯ ಕೈ ಹಿಡಿದು ಕಲ್ಲಿನ ಮೇಲಿಟ್ಟು, “ಎಷ್ಟು ತಂಪದ ನೋಡ್ರಿ” ಎಂದರು.